ಇಂಪೋರ್ಟ್, ಟ್ರಾನ್ಸ್‌ಪೋರ್ಟ್, ಸಪೋರ್ಟ್: ಎಲ್ಲದರಲ್ಲೂ ಒಂದೇ ‘ಪೋರ್ಟ್’ ಇದೆಯಾ?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು):
ನಮಸ್ಕಾರ ಮೇಡಂ. ಮಗಳು ಕನ್ನಡ ಮೀಡಿಯಂನಲ್ಲಿ ಓದಿ ಈಗ ಪಿಯುಸಿ ಸೈನ್ಸ್ ಸೇರಿದ್ದಾಳೆ. ರಾತ್ರಿ ಇಂಗ್ಲಿಷ್ ಪದಗಳ ಪಟ್ಟಿ ಹಿಡಿದು ಉರು ಹೊಡೀತಾಳೆ, ಬೆಳಿಗ್ಗೆ ಕೇಳಿದರೆ ಅರ್ಧ ಮರೆತಿರುತ್ತೆ. ಲ್ಯಾಟಿನ್ ಮೂಲ ಗೊತ್ತಿದ್ದರೆ ಸುಲಭ ಅಂತಾರೆ. ಇಂಗ್ಲಿಷೇ ಕಷ್ಟ, ಅದರ ಮೇಲೆ ಲ್ಯಾಟಿನ್ ಬೇರೆ ಬೇಕಾ?

ಉತ್ತರ (ಇಂಗ್ಲಿಷ್ ಉಪನ್ಯಾಸಕಿ, ಶಿವಮೊಗ್ಗ):
ಲ್ಯಾಟಿನ್ ಭಾಷೆ ಕಲಿಯೋದು ಬೇಡ ಸರ್. ಮಂಡಿಯಲ್ಲಿ ನೀವೇ ಆಡುವ ಮಾತಿನಿಂದ ಶುರು ಮಾಡಿಸಿ. ಇಂಪೋರ್ಟ್ ಜಾಸ್ತಿ ಆಗಿ ರೇಟು ಬಿತ್ತು, ಟ್ರಾನ್ಸ್‌ಪೋರ್ಟ್ ಖರ್ಚು ಏರಿತು, ಸಪೋರ್ಟ್ ಪ್ರೈಸ್ ಕೊಡಬೇಕು ಅಂತೀವಿ ಅಲ್ವಾ? ಮೂರರ ಒಳಗೂ ಇರೋದು ‘ಪೊರ್ತಾರೆ’ ಅನ್ನೋ ಲ್ಯಾಟಿನ್ ಪದ, ಅಂದ್ರೆ ಹೊರು, ಹೊತ್ತು ಸಾಗಿಸು. ಅದರ ಮುಂದೆ ‘ಇನ್’ ಬಂದರೆ ಒಳಗೆ, ‘ಎಕ್ಸ್’ ಬಂದರೆ ಹೊರಗೆ, ‘ಟ್ರಾನ್ಸ್’ ಬಂದರೆ ಆಚೆಗೆ. ‘ಸಬ್’ ಅಂದ್ರೆ ಕೆಳಗಿನಿಂದ, ಹಾಗಾಗಿ ಕೆಳಗೆ ನಿಂತು ಭಾರ ಹೊರೋದು ಸಪೋರ್ಟ್. ‘ರೀ’ ಅಂದ್ರೆ ಹಿಂದಕ್ಕೆ, ಹೋದವನು ಸುದ್ದಿ ಹೊತ್ತು ವಾಪಸ್ ತಂದರೆ ರಿಪೋರ್ಟ್. ರೈಲ್ವೆ ಸ್ಟೇಷನ್ನಿನ ಪೋರ್ಟರ್ ಕೂಡ ಇದೇ ಮನೆಯವನು.

ಇಂಗ್ಲಿಷ್ ಹುಟ್ಟಿದ್ದು ಲ್ಯಾಟಿನ್‌ನಿಂದ ಅಲ್ಲ, ಅದು ಜರ್ಮನ್ ಬಳಗದ ಭಾಷೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಲ್ಯಾಟಿನ್ ಮೂಲದ ಪದಗಳು ಫ್ರೆಂಚ್ ಮೂಲಕ ರಾಶಿರಾಶಿ ಬಂದವು. ಆಮೇಲೆ, ಅದರಲ್ಲೂ 16 ಮತ್ತು 17ನೇ ಶತಮಾನದಲ್ಲಿ, ಓದಿದವರು ನೇರವಾಗಿ ಲ್ಯಾಟಿನ್‌ನಿಂದಲೇ ಎತ್ತಿಕೊಂಡರು. ಸೈನ್ಸ್ ಪುಸ್ತಕದಲ್ಲಿ ಇಂಥ ಪದ ತುಂಬಿರೋದು ಅದಕ್ಕೇ.

ಮತ್ತೆ ಅದೇ ಬೆಳೆಗಾರರು:
ಮಗಳು ಕೇಳ್ತಿದ್ದಾಳೆ, ‘ಇನ್’ ಅಂದಮೇಲೆ ‘ಇನ್‌ಪೋರ್ಟ್’ ಆಗಬೇಕಿತ್ತು, ‘ಸಬ್‌ಪೋರ್ಟ್’ ಆಗಬೇಕಿತ್ತು, ಯಾಕೆ ಆಗಲಿಲ್ಲ?

ಉತ್ತರ:
ಒಳ್ಳೇ ಪ್ರಶ್ನೆ ಕೇಳಿದ್ದಾಳೆ! ‘ಇನ್‌ಪೋರ್ಟ್’ ಅಂತ ಬೇಗ ಬೇಗ ಹೇಳೋಕೆ ಹೇಳಿ. ‘ಪ’ಗೆ ತುಟಿ ಮುಚ್ಚಲೇಬೇಕು, ಆ ಅವಸರಕ್ಕೆ ಹಿಂದಿನ ‘ನ್’ ತಾನಾಗೇ ‘ಮ್’ ಆಗುತ್ತೆ. ಸತ್ ಮತ್ತು ಜನ ಸೇರಿ ಸಜ್ಜನ ಆಗೋದನ್ನ ಹೈಸ್ಕೂಲಲ್ಲಿ ಸಂಧಿ ಅಂತ ಕಲಿತಿದ್ದಾಳಲ್ಲ, ಸಬ್ ಹೋಗಿ ಸಪ್ಪೋರ್ಟ್ ಆಗಿರೋದೂ ಹಾಗೇ. ಸ್ಪೆಲ್ಲಿಂಗಲ್ಲಿ ಎರಡು ‘ಪಿ’ ಯಾಕಿದೆ ಅಂತ ಇನ್ನು ಉರು ಹೊಡೆಯೋ ಕೆಲಸ ಇಲ್ಲ. ‘ಅಲ್ಲ’ ಅನ್ನೋ ಅರ್ಥದ ಇನ್ನೊಂದು ‘ಇನ್’ ಇದೆ, ಅದೂ ಹೀಗೇ ಬದಲಾಗುತ್ತೆ: ಇಲ್ಲೀಗಲ್, ಇರ್ರೆಗ್ಯುಲರ್, ಇಂಪಾಸಿಬಲ್.

ಸಾಗರದಿಂದ ಒಬ್ಬರು:
ಹಾಗಾದ್ರೆ ಪಾಸ್‌ಪೋರ್ಟ್, ಪೋರ್ಟ್ರೇಟ್ ಎಲ್ಲಾ ಹೊರೋದೇನಾ ಮೇಡಂ?

ಉತ್ತರ:
ಅಲ್ಲ, ಸುಮ್ನೆ ಸದ್ದು ನೋಡಿ ಒಂದೇ ಗುಂಪಿಗೆ ಸೇರಿಸಬೇಡಿ. ಪಾಸ್‌ಪೋರ್ಟಿನ ‘ಪೋರ್ಟ್’ ಅಂದ್ರೆ ಬಂದರು. ಪೋರ್ಟ್ರೇಟ್ ಬಂದಿರೋದು ‘ತ್ರಹೆರೆ’ಯಿಂದ, ಅಂದ್ರೆ ಎಳೆ. ಗದ್ದೆಯ ಟ್ರ್ಯಾಕ್ಟರ್ ಆ ಬಳಗದ್ದು. ಅನುಮಾನ ಬಂದರೆ ದೊಡ್ಡ ಡಿಕ್ಷನರಿಯಲ್ಲಿ ಪದದ ಮೂಲ ಕೊಟ್ಟಿರ್ತಾರೆ, ತೆಗೆದು ನೋಡಿ.

ತೀರ್ಥಹಳ್ಳಿ ಸರ್, ಮಗಳಿಗೆ ಮುಂದಿನ ವಾರ ಈ ‘ಎಳೆ’ ಬಳಗವನ್ನೇ ಕೊಡಿ. ಕೆಮಿಸ್ಟ್ರಿಯಲ್ಲಿ ಎಕ್ಸ್‌ಟ್ರ್ಯಾಕ್ಷನ್ ಅಂದ್ರೆ ಹೊರಗೆ ಎಳೆಯೋದು. ಬಯಾಲಜಿಯಲ್ಲಿ ಸ್ನಾಯು ಕಾಂಟ್ರ್ಯಾಕ್ಟ್ ಆಗುತ್ತೆ, ಅಂದ್ರೆ ಒಟ್ಟಿಗೆ ಎಳೆದುಕೊಳ್ಳುತ್ತೆ. ಸಬ್‌ಟ್ರ್ಯಾಕ್ಟ್, ಅಟ್ರ್ಯಾಕ್ಟ್ ಎರಡನ್ನೂ ಅವಳೇ ಬಿಡಿಸಿ ಇಲ್ಲಿ ಬರೆಯಲಿ, ನಾನು ನೋಡ್ತೀನಿ.