ಬಾಲ್ ಪೈಥಾನ್ ಏಳು ವಾರದಿಂದ ಏನೂ ತಿಂದಿಲ್ಲ, ಏನು ಮಾಡಲಿ?

ಗುಂಡನ ಅಮ್ಮ:
ನಾವಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಹಾವು ಮಗನದು, ಚಿಂತೆ ಮಾತ್ರ ನನ್ನದು. ಎರಡು ವರ್ಷದ ಗಂಡು ಬಾಲ್ ಪೈಥಾನ್, ಹೆಸರು ಗುಂಡ. ಅಕ್ಟೋಬರ್ ಕೊನೆಯವರೆಗೂ ಹತ್ತು ದಿನಕ್ಕೊಂದು ಇಲಿ ತಪ್ಪದೆ ತಿನ್ನುತ್ತಿದ್ದ. (ಮೊಟ್ಟೆಯನ್ನೂ ಮುಟ್ಟದ ನಾನು ಫ್ರೀಜರ್‌ನಲ್ಲಿ ನುಗ್ಗೆಕಾಯಿ ಪ್ಯಾಕೆಟ್ ಪಕ್ಕ ಇಲಿ ಇಟ್ಟುಕೊಂಡಿದ್ದೇನೆ, ಮಕ್ಕಳು ಏನೇನು ಮಾಡಿಸುತ್ತವೆ ನೋಡಿ.) ಈಗ ಏಳು ವಾರ ಆಯಿತು. ಇಲಿಯನ್ನು ಇಕ್ಕಳದಲ್ಲಿ ಹಿಡಿದರೆ ಹತ್ತಿರ ಬರುತ್ತಾನೆ, ನಾಲಿಗೆ ಆಡಿಸುತ್ತಾನೆ, ಮೂಗು ತಾಗಿಸಿ ಒಂದು ನಿಮಿಷ ಹಾಗೇ ನಿಲ್ಲುತ್ತಾನೆ, ಆಮೇಲೆ ಮೆಲ್ಲಗೆ ತಲೆ ತಿರುಗಿಸಿ ಸುರುಳಿಯೊಳಗೆ ಸೇರಿಸಿಕೊಂಡುಬಿಡುತ್ತಾನೆ. ಮಗ ಅಳುವುದೊಂದು ಬಾಕಿ. ಪ್ರತಿ ಎರಡು ದಿನಕ್ಕೊಮ್ಮೆ ಇಲಿ ತೋರಿಸುತ್ತಿದ್ದೇವೆ. ತುಮಕೂರಿನಿಂದ ಅತ್ತೆ ಫೋನ್ ಮಾಡಿ "ನಾಗಪ್ಪನಿಗೆ ಸ್ವಲ್ಪ ಹಾಲಾದರೂ ಇಡು" ಅಂತಾರೆ. ಬಾಯಿ ಬಿಡಿಸಿ ತಿನ್ನಿಸಬಹುದು ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಮಾಡಬಹುದಾ?

ಪೊರೆ ಬಿಟ್ಟವನು:
ಬಾಯಿ ಬಿಡಿಸಬೇಡಿ. ಅದು ಕಟ್ಟಕಡೆಯ ದಾರಿ, ಅದೂ ಡಾಕ್ಟರ್ ಕೈಯಲ್ಲಿ. ನೀವು ಮಾಡಿದರೆ ಅವನಿಗೆ ಇಲಿ ಅಂದ್ರೇನೇ ಭಯ ಬರುತ್ತದೆ.

ನಾನು ಹದಿನಾಲ್ಕು ವರ್ಷದಿಂದ ಸಾಕುತ್ತಿದ್ದೇನೆ, ನನ್ನ ಗಂಡು ಹಾವು ಒಂದು ಚಳಿಗಾಲ ಐದು ತಿಂಗಳು ಬಾಯಿ ಹಾಕಲಿಲ್ಲ. ಇವುಗಳ ಗುಣವೇ ಹಾಗೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಗಂಡುಗಳ ತಲೆಯಲ್ಲಿ ಹೆಣ್ಣಿನ ಯೋಚನೆ, ಊಟ ಬೇಡ. ಮೈ ತುಂಬಿದ ಹಾವಿಗೆ ಎರಡು ಮೂರು ತಿಂಗಳ ಉಪವಾಸ ಲೆಕ್ಕಕ್ಕೇ ಇಲ್ಲ. ಆದ್ದರಿಂದ ದಿನ ಎಣಿಸಬೇಡಿ, ತೂಕ ನೋಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ಡಬ್ಬಿಯಲ್ಲಿ ಹಾಕಿ ವಾರಕ್ಕೊಮ್ಮೆ ಬರೆದಿಡಿ. ಹತ್ತಕ್ಕೆ ಒಂದು ಪಾಲಿನಷ್ಟು ಇಳಿದರೆ ಆಗ ಗಾಬರಿಯಾಗಿ.

ಒಂದು ಕೇಳಬೇಕು. ಪೆಟ್ಟಿಗೆಯ ಬಿಸಿ ಎಷ್ಟಿದೆ? ಗಾಜಿಗೆ ಅಂಟಿಸುವ ಗಡಿಯಾರದಂಥ ಮೀಟರ್ ಲೆಕ್ಕಕ್ಕಿಲ್ಲ, ಅದು ಸುಳ್ಳು ಹೇಳುತ್ತದೆ.

ಗುಂಡನ ಅಮ್ಮ:
ಅದೇ ಇರೋದು, ಗಡಿಯಾರದಂಥದ್ದು. 85 ಫ್ಯಾರನ್‌ಹೀಟ್ ತೋರಿಸುತ್ತಿದೆ.

ಮಲ್ಲೇಶ್ವರಂ ಹುಡುಗ:
ಹಾಲು ಇಡಬೇಡಿ ಮೇಡಂ. ಹಾವಿಗೆ ಹಾಲು ಅರಗುವುದಿಲ್ಲ. ಪಂಚಮಿಯಲ್ಲಿ ಹಾವಾಡಿಗರ ಬುಟ್ಟಿಯ ಹಾವು ಹಾಲು ಕುಡಿಯುತ್ತಿತ್ತಲ್ಲ, ಅದನ್ನು ದಿನಗಟ್ಟಲೆ ನೀರಿಲ್ಲದೆ ಒಣಗಿಸಿ ಇಟ್ಟಿರುತ್ತಿದ್ದರು, ಬಾಯಾರಿಕೆಗೆ ಏನು ಕೊಟ್ಟರೂ ಕುಡಿಯುತ್ತದೆ. ನೀರಿನ ಬಟ್ಟಲು ತುಂಬಿಡಿ, ಅಷ್ಟೇ.

ಇದನ್ನು ಓದಿ ಇಲ್ಲಿ ಯಾರಾದರೂ ತೋಟದಲ್ಲಿ ಸಿಕ್ಕ ಕೇರೆ ಹಾವನ್ನೋ ಹೆಬ್ಬಾವಿನ ಮರಿಯನ್ನೋ ತಂದು ಸಾಕೋಕೆ ಹೊರಟೀರಿ ಜೋಕೆ. 1972ರ ವನ್ಯಜೀವಿ ಕಾಯ್ದೆ ಇದೆ, ನೇರ ಕೇಸು.

ಪೊರೆ ಬಿಟ್ಟವನು:
ಅಕ್ಕ, ಅಂದುಕೊಂಡೆ. ಆ 85 ಗಾಜಿನ ಮೇಲಿನದು, ಹಾವು ಮಲಗುವುದು ನೆಲದ ಮೇಲೆ. ವೈರ್ ಇರುವ ಡಿಜಿಟಲ್ ಥರ್ಮಾಮೀಟರ್ ತಂದು ಬಿಸಿ ಬದಿಯ ಅಡಗುಗೂಡಿನೊಳಗೆ ಇಡಿ. ಅಲ್ಲಿ 88ರಿಂದ 92 ಫ್ಯಾರನ್‌ಹೀಟ್ ಬೇಕು, ತಂಪು ಬದಿ 76ರಿಂದ 80. ರಾತ್ರಿ ಮನೆಯ ಹೀಟರ್ ಕಡಿಮೆ ಮಾಡಿ ಮಲಗುತ್ತೀರಾ? ಹಾಗಿದ್ದರೆ ರಾತ್ರಿ ಅವನ ಮೈ ತಣ್ಣಗಾಗಿಬಿಡುತ್ತದೆ. ಪಶ್ಚಿಮ ಆಫ್ರಿಕಾದ, ಘಾನಾ ಬೆನಿನ್ ಕಡೆಯ ಪ್ರಾಣಿ ಅದು, ಜೆರ್ಸಿಯ ಡಿಸೆಂಬರ್ ಅದಕ್ಕೇನು ಗೊತ್ತು. ಮೈ ತಣ್ಣಗಿದ್ದರೆ ತಿಂದದ್ದು ಅರಗುವುದಿಲ್ಲ, ಅದಕ್ಕೇ ತಿನ್ನುವುದಿಲ್ಲ. ಬೆಳಕು ಕೊಡದ ಸಿರಾಮಿಕ್ ಬಲ್ಬ್ ಹಾಕಿ, ಬಿಸಿ ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಮಾತ್ರ ಹಾಕಬೇಡಿ, ಸುಟ್ಟುಕೊಳ್ಳುತ್ತದೆ. ಜಾಲರಿ ಮುಚ್ಚಳದ ಮುಕ್ಕಾಲು ಭಾಗಕ್ಕೆ ಫಾಯಿಲ್ ಹೊದಿಸಿ (ಬಲ್ಬಿನ ಕೆಳಗೆ ಬಿಟ್ಟು), ಹೀಟರ್ ಗಾಳಿಗೆ ಒಳಗಿನ ತೇವ ಪೂರ್ತಿ ಹೋಗಿರುತ್ತದೆ. 60 ಪರ್ಸೆಂಟ್ ಇರಲಿ.

ಎರಡು ದಿನಕ್ಕೊಮ್ಮೆ ಇಲಿ ತೋರಿಸುವುದು ನಿಲ್ಲಿಸಿ. ಹತ್ತು ದಿನ ಮುಟ್ಟಲೇಬೇಡಿ, ಮಗನಿಗೂ ಹೇಳಿ. ಪೆಟ್ಟಿಗೆಯ ಮೂರು ಬದಿಗೆ ಕಾಗದ ಅಂಟಿಸಿ. ಗೂಡು ಇಕ್ಕಟ್ಟಾಗಿರಬೇಕು, ಮೈ ಎರಡೂ ಕಡೆ ತಾಗಬೇಕು, ಆಗಲೇ ಅವಕ್ಕೆ ಧೈರ್ಯ.

ಡಲ್ಲಾಸ್ ಶೆಟ್ರು:
ಇಲಿ ಎಷ್ಟು ಬಿಸಿ ಮಾಡ್ತೀರಿ? ಇವು ಕಣ್ಣಿಗಿಂತ ತುಟಿಯ ಮೇಲಿನ ಗುಳಿಗಳಿಂದ ಬಿಸಿಯನ್ನೇ ನೋಡೋದು. ತಣ್ಣನೆ ಇಲಿ ಅವಕ್ಕೆ ಕಲ್ಲು. ಹಿಂದಿನ ರಾತ್ರಿ ಫ್ರಿಜ್‌ಗೆ ಇಳಿಸಿ, ಆಮೇಲೆ ಜಿಪ್ ಕವರ್‌ನಲ್ಲಿ ಹಾಕಿ ಬಿಸಿ ನೀರಲ್ಲಿ ಇಡಿ, ತಲೆ 100 ಡಿಗ್ರಿ ಫ್ಯಾರನ್‌ಹೀಟ್‌ಗೆ ಬರಲಿ. ಮೈಕ್ರೋವೇವ್ ಬೇಡ, ನಾನೊಮ್ಮೆ ಮಾಡಿ ಹೆಂಡತಿ ಹತ್ತಿರ ಒಂದು ವಾರ ಮಾತಿಲ್ಲ. ಜೀವಂತ ಇಲಿ ಬಿಡೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಹಸಿವಿಲ್ಲದ ಹಾವನ್ನು ಇಲಿಯೇ ಕಚ್ಚಿ ಗಾಯ ಮಾಡುತ್ತದೆ.

ಬಾಯಿ ತೆರೆದು ಉಸಿರಾಡಿದರೆ, ಮೂಗಲ್ಲಿ ಗುಳ್ಳೆ ಬಂದರೆ, ಸೊಂಯ್ ಅಂತ ಸದ್ದು ಬಂದರೆ ಮಾತ್ರ ಕಾಯಬೇಡಿ. ಹಾವು ನೋಡುವ ಡಾಕ್ಟರ್ ಹತ್ತಿರ ಅವತ್ತೇ ಹೋಗಿ.

ಗುಂಡನ ಅಮ್ಮ:
ಹದಿನೆಂಟು ದಿನ ಆಯಿತು, ಹೇಳಿಬಿಡುತ್ತೇನೆ. ಹೊಸ ಥರ್ಮಾಮೀಟರ್ ಇಟ್ಟ ಮೊದಲ ರಾತ್ರಿ ಗೂಡಿನೊಳಗೆ 73 ಇತ್ತು! ನಾಚಿಕೆಯಾಯಿತು. ಬಲ್ಬ್, ಫಾಯಿಲ್, ಕಾಗದ ಎಲ್ಲ ಆಯಿತು. ತೂಕ 640 ಗ್ರಾಂ ಇದ್ದದ್ದು 622, ಅಷ್ಟೇ ಇಳಿದಿರೋದು. ನಡುವೆ ಕಣ್ಣು ನೀಲಿಯಾಗಿ ಪೊರೆಯನ್ನೂ ಬಿಟ್ಟ, ಕಾಲುಚೀಲ ಕಳಚಿದ ಹಾಗೆ ಒಂದೇ ತುಂಡು. ನಿನ್ನೆ ರಾತ್ರಿ ಹತ್ತೂವರೆಗೆ ದೀಪ ಆರಿಸಿ ಇಲಿ ಹಿಡಿದೆ. ಗೂಡಿನ ಬಾಯಲ್ಲಿ ಮೂತಿ ಮಾತ್ರ ಕಾಣುತ್ತಿತ್ತು. ನನ್ನ ಕೈ ನೋಯಲು ಶುರುವಾಯಿತು, ಇಳಿಸೋಣ ಅಂದುಕೊಳ್ಳುವಷ್ಟರಲ್ಲಿ ಟಪ್ ಅಂತ ಹಿಡಿದು ಸುತ್ತಿಕೊಂಡ. ನಾನು ಕಿರುಚಿದ್ದಕ್ಕೆ ಗಂಡ ಮೆಟ್ಟಿಲಿಳಿದು ಓಡಿ ಬಂದರು.

ಅತ್ತೆಗೆ ಹೇಳಿದರೆ, ಅವರು ಕುಕ್ಕೆಗೆ ಹರಕೆ ಹೊತ್ತಿದ್ದರಂತೆ, ಅದಕ್ಕೇ ತಿಂದದ್ದಂತೆ. ಬಲ್ಬಿನ ವಿಷಯ ನಾನು ಎತ್ತಲಿಲ್ಲ. ಬೆಳ್ಳಿ ನಾಗನಿಗೆ ದುಡ್ಡು ಕಳಿಸಬೇಕು ಈಗ.