ನೆಲಮಾಳಿಗೆಯ ಊಟದ ಹಾಲ್‌ಗೆ ಇನ್ನೂ ಎರಡು ಫ್ಯಾನ್ ಹಾಕಿದ್ರೆ ಧಗೆ ಹೋಗುತ್ತಾ?

ಪ್ರಶ್ನೆ: ಮಂಟಪ ನೋಡಿಕೊಳ್ಳುವವರು, ದಾವಣಗೆರೆ

ನಮ್ಮದು ದಾವಣಗೆರೆಯಲ್ಲಿ ಒಂದು ಕಲ್ಯಾಣ ಮಂಟಪ. ಧಾರೆ ಹಾಲ್ ಮೇಲೆ, ಊಟದ ಹಾಲ್ ಕೆಳಗೆ, ಅರ್ಧ ನೆಲದೊಳಗೆ. ಅಳತೆ 60 ಅಡಿ ಉದ್ದ, 40 ಅಡಿ ಅಗಲ, 12 ಅಡಿ ಎತ್ತರ. ಪಂಕ್ತಿಗೆ 200 ಜನ. ಪೂರ್ವದ ಗೋಡೆಯಲ್ಲಿ 18 ಇಂಚಿನ ನಾಲ್ಕು ಎಕ್ಸಾಸ್ಟ್ ಫ್ಯಾನ್ ಇವೆ, ಪ್ಲೇಟಿನ ಮೇಲೆ ಒಂದೊಂದಕ್ಕೂ 2,500 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ) ಅಂತಿದೆ. ಎರಡು ನೇರ ಹೊರಕ್ಕೆ ಬಿಡುತ್ತವೆ. ಇನ್ನೆರಡರ ಎದುರಿಗೇ ಪಕ್ಕದ ಮನೆಯ ಕಿಟಕಿ, ಅದಕ್ಕೆ ಒಂದಡಿ ಚೌಕದ ಬೇರೆ ಬೇರೆ ತಗಡಿನ ಡಕ್ಟ್ ಹಾಕಿ, ಮೂರು ತಿರುವು ತಿರುಗಿಸಿ ತಾರಸಿಗೆ ಒಯ್ದಿದ್ದೇವೆ.

ನಾಲ್ಕೂ ಓಡುತ್ತಿದ್ದರೂ ಎರಡನೇ ಪಂಕ್ತಿ ಹೊತ್ತಿಗೆ ಒಳಗೆ ಕೂರೋಕಾಗಲ್ಲ. ಅಡುಗೆಮನೆಯ ವಾಸನೆ ಹಾಲ್ ತುಂಬಿ ಮೆಟ್ಟಿಲು ಹತ್ತಿ ಧಾರೆ ಮಂಟಪದವರೆಗೂ ಬರುತ್ತೆ. ಕಳೆದ ತಿಂಗಳು ಒಬ್ಬ ಅಜ್ಜಿ ಎಲೆ ಮುಂದೆ ಕೂತಲ್ಲೇ ತಲೆ ಸುತ್ತಿ ವಾಲಿದರು. ನೀರು ಕೊಟ್ಟು ಹೊರಗೆ ಕರೆದುಕೊಂಡು ಹೋದ ಮೇಲೆ ಸರಿಹೋದರು, ಆದರೆ ಅವತ್ತಿನಿಂದ ನನಗೆ ನೆಮ್ಮದಿ ಇಲ್ಲ. ಎಲೆಕ್ಟ್ರಿಷಿಯನ್ ಇನ್ನೂ ಎರಡು ಫ್ಯಾನ್ ಹಾಕಿ ಅಂತಾರೆ. ಇನ್ನೊಬ್ಬರು ಎಲ್ಲ ಕಿತ್ತು ದೊಡ್ಡ ಬ್ಲೋವರ್ ಕೂರಿಸಿ ಅಂತಾರೆ. ಇಂಥ ಕೆಲಸ ಮಾಡಿಸಿದವರು, ಮಾಡಿದವರು ದಯವಿಟ್ಟು ಅನುಭವ ಹೇಳಿ.

ಉತ್ತರ: ವೆಂಟಿಲೇಶನ್ ಕೆಲಸದವನು, ಬೆಂಗಳೂರು

ಸರ್, ಫ್ಯಾನ್ ಕೊಳ್ಳೋಕೆ ಮುಂಚೆ ಒಂದೇ ಒಂದು ಪ್ರಶ್ನೆ. ಹಾಲ್‌ಗೆ ಗಾಳಿ ಒಳಗೆ ಬರೋದು ಎಲ್ಲಿಂದ? ನೀವು ಬರೆದದ್ದನ್ನ ಎರಡು ಸಲ ಓದಿದೆ. ಹೊರಗೆ ಹೋಗುವ ದಾರಿ ಅಷ್ಟು ವಿವರವಾಗಿ ಹೇಳಿದ್ದೀರಿ, ಒಳಗೆ ಬರುವ ದಾರಿಯ ಬಗ್ಗೆ ಒಂದು ಸಾಲೂ ಇಲ್ಲ.

ಲೆಕ್ಕ ಹಾಕಿ ನೋಡೋಣ. ನಿಮ್ಮ ಹಾಲ್ 28,800 ಘನ ಅಡಿ. ನಾಲ್ಕು ನಿಮಿಷಕ್ಕೊಮ್ಮೆ, ಅಂದ್ರೆ ಗಂಟೆಗೆ 15 ಸಲ, ಒಳಗಿನ ಗಾಳಿ ಪೂರ್ತಿ ಬದಲಾಗಬೇಕು ಅಂದರೆ 7,200 ಸಿಎಫ್‌ಎಂ ಬೇಕು. ನಿಮ್ಮ ನಾಲ್ಕು ಫ್ಯಾನಿನ ಪ್ಲೇಟ್ ಕೂಡಿಸಿದರೆ 10,000. ಕಾಗದದ ಮೇಲೆ ಕೊರತೆಯೇ ಇಲ್ಲ. ಆದರೆ ಪ್ಲೇಟಿನ ಮೇಲಿರೋದು ಮುಂದೆ ಹಿಂದೆ ಯಾವ ಅಡ್ಡಿಯೂ ಇಲ್ಲದೆ ಬಯಲಲ್ಲಿ ಓಡಿಸಿದಾಗಿನ ಲೆಕ್ಕ. ನಿಮ್ಮದು ಆಕ್ಸಿಯಲ್ ಫ್ಯಾನ್, ಅಂದ್ರೆ ರೆಕ್ಕೆ ತಿರುಗಿ ಗಾಳಿಯನ್ನ ನೇರ ಮುಂದಕ್ಕೆ ದೂಡುವಂಥದ್ದು. ಅದರ ಸ್ವಭಾವವೇ ಹಾಗೆ. ಕಡಿಮೆ ಕರೆಂಟಿನಲ್ಲಿ ರಾಶಿ ಗಾಳಿ ಸಾಗಿಸುತ್ತೆ, ಆದರೆ ದಾರಿ ಸಲೀಸಾಗಿದ್ದರೆ ಮಾತ್ರ. ಎಳೆಯೋಕೆ ಗಾಳಿ ಸಿಗದಿದ್ದರೆ ರೆಕ್ಕೆ ಅಲ್ಲೇ ಇರುವ ಗಾಳಿಯನ್ನೇ ಕಡೆಯುತ್ತಾ ಕೂರುತ್ತೆ. ಸದ್ದು ಮಾತ್ರ ಜೋರು.

ಪರೀಕ್ಷೆ ಸುಲಭ. ಮದುವೆ ಇಲ್ಲದ ದಿನ ಎಲ್ಲ ಬಾಗಿಲು ಹಾಕಿ ನಾಲ್ಕೂ ಫ್ಯಾನ್ ಹಾಕಿ. ಹೊರಗಿನಿಂದ ಮುಖ್ಯ ಬಾಗಿಲನ್ನ ಒಂದಿಂಚು ತೆಗೆದು ಸಂದಿಯಲ್ಲಿ ಕೈ ಇಡಿ. ಗಾಳಿ ಸುಯ್ ಅಂತ ಒಳಗೆ ನುಗ್ಗಿದರೆ, ಬಾಗಿಲು ತೆಗೆಯೋಕೆ ಬಲ ಬೇಕಾದರೆ, ಹಾಲ್ ಉಸಿರಿಗೆ ಒದ್ದಾಡುತ್ತಿದೆ ಅಂತ ಅರ್ಥ. ಆಮೇಲೆ ಒಂದು ಊದುಬತ್ತಿ ಹಚ್ಚಿಕೊಂಡು ಅಡುಗೆಮನೆ ಬಾಗಿಲಿಗೆ ಹೋಗಿ. ಹೊಗೆ ಹಾಲ್ ಕಡೆ ವಾಲುತ್ತೆ ಅಂತ ನನ್ನ ಅಂದಾಜು. ಬೇರೆ ದಾರಿ ಇಲ್ಲದೆ ಫ್ಯಾನ್‌ಗಳು ಅಡುಗೆಮನೆ ಗಾಳಿಯನ್ನೇ ಎಳೆಯುತ್ತಿವೆ. ಗ್ಯಾಸ್ ಒಲೆಯ ಜ್ವಾಲೆಯೂ ಆ ಕಡೆಗೇ ಬಾಗುತ್ತಿದ್ದರೆ ಇದನ್ನ ಇವತ್ತೇ ಸರಿ ಮಾಡಿಸಿ, ಮುಂದೂಡಬೇಡಿ.

ಕೆಲವು ವರ್ಷದ ಹಿಂದೆ ಪೀಣ್ಯದ ಒಂದು ಹೊಲಿಗೆ ಘಟಕದಲ್ಲಿ ಇದನ್ನೇ ನೋಡಿದೆ. ಆರು ಫ್ಯಾನ್ ಇದ್ದವು, ಏಳನೆಯದಕ್ಕೆ ಗೋಡೆ ಒಡೆಯೋಕೆ ನನ್ನನ್ನ ಕರೆಸಿದ್ದರು. ಬಟ್ಟೆಗೆ ಧೂಳು ಬೀಳುತ್ತೆ ಅಂತ ಎದುರು ಗೋಡೆಯ ಕಿಟಕಿ ಎಲ್ಲ ಮುಚ್ಚಿ ಟೇಪ್ ಅಂಟಿಸಿದ್ದರು. ಟೇಪ್ ಕಿತ್ತು ಕಿಟಕಿಗೆ ತೊಳೆಯಬಹುದಾದ ಫಿಲ್ಟರ್ ಹಾಕಿಸಿದೆ. ಹೊಲಿಯುತ್ತಿದ್ದ ಹೆಣ್ಣುಮಕ್ಕಳು ತಲೆ ಎತ್ತಿ ನೋಡಿದ ಮುಖ ಇನ್ನೂ ನೆನಪಿದೆ. ಏಳನೇ ಫ್ಯಾನ್ ಬೇಕಾಗಲೇ ಇಲ್ಲ.

ಒಳಬರುವ ದಾರಿ ಎಷ್ಟು ದೊಡ್ಡದಿರಬೇಕು? ಗಾಳಿ ನಿಮಿಷಕ್ಕೆ 500 ಅಡಿ ವೇಗ ಮೀರದಂತೆ ನೋಡಿಕೊಳ್ಳಿ. 7,200ಕ್ಕೆ ಸುಮಾರು ಹದಿನಾಲ್ಕೂವರೆ ಚದರ ಅಡಿ ಖಾಲಿ ಜಾಗ. ಲೂವರ್ (ಓರೆ ಪಟ್ಟಿಗಳ ಜಾಲಿ), ಸೊಳ್ಳೆ ಜಾಲರಿ ಹಾಕಿದರೆ ಅರ್ಧದಷ್ಟು ಜಾಗ ಅವೇ ತಿನ್ನುತ್ತವೆ, ಹಾಗಾಗಿ ಗೋಡೆಯಲ್ಲಿ 30 ಚದರ ಅಡಿ ತೆರವು ಇಟ್ಟುಕೊಳ್ಳಿ. ಅದೂ ಪಶ್ಚಿಮದ ಗೋಡೆಯಲ್ಲೇ ಆಗಬೇಕು. ಫ್ಯಾನ್ ಪಕ್ಕದ ಕಿಟಕಿ ತೆಗೆದಿಟ್ಟರೆ ಗಾಳಿ ಅಲ್ಲಿಂದ ಬಂದು ಅಲ್ಲಿಂದಲೇ ಹೋಗುತ್ತೆ, ಊಟಕ್ಕೆ ಕೂತವರಿಗೆ ತಾಗೋದೇ ಇಲ್ಲ.

ಉತ್ತರ: ಡಕ್ಟ್ ವಿನ್ಯಾಸ ಮಾಡುವವಳು, ಮೈಸೂರು

ಮೇಲಿನವರು ಹೇಳಿದ್ದು ಸರಿ. ನನ್ನ ಕಣ್ಣು ನಿಂತದ್ದು ಆ ಒಂದಡಿ ಚೌಕದ ಡಕ್ಟ್ ಮೇಲೆ. ಅದರಲ್ಲಿ 2,500 ಸಿಎಫ್‌ಎಂ ಹೋಗಬೇಕಾದರೆ ಗಾಳಿ ಗಂಟೆಗೆ ಸುಮಾರು 45 ಕಿಲೋಮೀಟರ್ ವೇಗದಲ್ಲಿ ಓಡಬೇಕು. ಆ ವೇಗದಲ್ಲಿ ಚೂಪು ಮೂಲೆಯ ಒಂದೊಂದು ತಿರುವಿಗೂ 10 ಮಿಲಿಮೀಟರ್ ಎತ್ತರದ ನೀರು ಒತ್ತುವಷ್ಟು ಒತ್ತಡ ನಷ್ಟವಾಗುತ್ತೆ. ಮೂರಕ್ಕೆ 30. ಗೋಡೆಗೆ ಹಾಕುವ ಪ್ರೊಪೆಲ್ಲರ್ ಫ್ಯಾನ್ ಕೆಲವೇ ಮಿಲಿಮೀಟರ್ ಒತ್ತಡಕ್ಕೆ ಸುಸ್ತಾಗುವಂಥದ್ದು. ನಿಮ್ಮ ಆ ಎರಡು ಫ್ಯಾನ್ ಹೆಸರಿಗೆ ಮಾತ್ರ ತಿರುಗುತ್ತಿವೆ ಅಂತ ಧೈರ್ಯವಾಗಿ ಹೇಳಬಲ್ಲೆ.

ಇನ್ನೊಂದು ಕೇಳ್ತೀನಿ. ಆ ಎರಡರ ಮೋಟಾರ್ ಪದೇ ಪದೇ ಸುಟ್ಟು ರಿವೈಂಡಿಂಗ್‌ಗೆ ಹೋಗುತ್ತಾ? ಆಕ್ಸಿಯಲ್ ಫ್ಯಾನ್‌ನ ದಾರಿ ಕಟ್ಟಿದಷ್ಟೂ ಮೋಟಾರ್ ಮೇಲೆ ಹೊರೆ ಏರುತ್ತೆ. ಮೇಲಾಗಿ ಮೋಟಾರ್ ತಣ್ಣಗಿಡಬೇಕಾದ ಗಾಳಿಯೂ ಅಲ್ಲಿ ಹರಿಯಲ್ಲ. ಸದ್ದು ಒಮ್ಮೆ ಏರಿ ಒಮ್ಮೆ ಇಳಿದು ಗುರುಗುಟ್ಟುತ್ತಿದ್ದರೆ ಫ್ಯಾನ್ ಸ್ಟಾಲ್ ಆಗಿದೆ, ಅಂದರೆ ರೆಕ್ಕೆಗೆ ಗಾಳಿಯ ಹಿಡಿತ ತಪ್ಪಿದೆ.

ಬ್ಲೋವರ್ ಅಂದರೆ ಒತ್ತಡ ಎದುರಿಸಿ ಗಾಳಿ ದೂಡುವ ಯಂತ್ರ. ಅದನ್ನ ಹಾಕಿ ಅಂದವರ ಮಾತು ಆ ಎರಡು ಜಾಗಕ್ಕೆ ಮಾತ್ರ ಅನ್ವಯ. ಹೊರಗೆ ನೇರ ಬಿಡುವ ಎರಡನ್ನ ಮುಟ್ಟಬೇಡಿ, ಅಲ್ಲಿ ಇದಕ್ಕಿಂತ ಅಗ್ಗದಲ್ಲಿ ಗಾಳಿ ಸಾಗಿಸುವ ಯಂತ್ರ ಇಲ್ಲ. ಡಕ್ಟ್ ಇರುವಲ್ಲಿ ಮೊದಲು ಡಕ್ಟನ್ನೇ ದೊಡ್ಡದು ಮಾಡಿಸಿ. ಎರಡಡಿಗೆ ಒಂದೂವರೆ ಅಡಿ ಮಾಡಿದರೆ ವೇಗ ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ, ಒತ್ತಡದ ನಷ್ಟ ಒಂಬತ್ತನೇ ಒಂದಕ್ಕೆ. ತಿರುವುಗಳು ದುಂಡಗಿರಲಿ. ಫ್ಯಾನ್ ಮುಖಕ್ಕೇ ತಿರುವು ಅಂಟಿಸಬೇಡಿ, ನಾಲ್ಕೈದು ಅಡಿ ನೇರ ಡಕ್ಟ್ ಬಿಡಿ. ಆಮೇಲೆ ಉಳಿಯುವ ಒತ್ತಡ ಎಷ್ಟು ಅಂತ ಲೆಕ್ಕ ಹಾಕಿ ಅಷ್ಟನ್ನ ತಾಳುವ ಟ್ಯೂಬ್ ಆಕ್ಸಿಯಲ್ ಫ್ಯಾನ್ (ಕೊಳವೆಯೊಳಗೆ ಕೂರುವಂಥದ್ದು) ಕೇಳಿ. ಅಂಗಡಿಯವರು ಬರೀ ಸಿಎಫ್‌ಎಂ ಹೇಳಿದರೆ ಒಪ್ಪಬೇಡಿ. ಇಷ್ಟು ಒತ್ತಡದಲ್ಲಿ ಎಷ್ಟು ಸಿಎಫ್‌ಎಂ ಅಂತ ಗ್ರಾಫ್ ತೋರಿಸಿ ಅನ್ನಿ.

ಉತ್ತರ: ಅಪಾರ್ಟ್‌ಮೆಂಟ್ ಸಮಿತಿಯವರು, ಬೆಂಗಳೂರು

ನಮ್ಮದು ಬೇಸ್‌ಮೆಂಟ್ ಪಾರ್ಕಿಂಗ್, ವಿಷಯ ಬೇರೆ. ಆದರೆ ಒಂದು ಪಾಠ ನಿಮಗೂ ಉಪಯೋಗಕ್ಕೆ ಬರಬಹುದು. ಕೇಬಲ್ ಬದಲಾಯಿಸಿದ ಮೇಲೆ ನಮ್ಮ ತ್ರೀ ಫೇಸ್ ಫ್ಯಾನ್‌ಗಳು ಉಲ್ಟಾ ತಿರುಗುತ್ತಿದ್ದವು. ಮೂರು ವಾರ ಯಾರಿಗೂ ಗೊತ್ತಾಗಲಿಲ್ಲ. ಆಕ್ಸಿಯಲ್ ಫ್ಯಾನ್ ಉಲ್ಟಾ ತಿರುಗಿದರೆ ಗಾಳಿಯೂ ಉಲ್ಟಾ, ಹೊರಗೆ ದೂಡಬೇಕಾದದ್ದನ್ನ ಒಳಗೆ ತಳ್ಳುತ್ತೆ. ಕಾವಲಿನ ಹುಡುಗ ತಲೆನೋವು ಅಂತ ದಿನಾ ಹೇಳುತ್ತಿದ್ದ, ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಅದು ನನ್ನನ್ನ ಈಗಲೂ ಚುಚ್ಚುತ್ತೆ. ಒಂದು ಟಿಶ್ಯೂ ಕಾಗದ ಗ್ರಿಲ್ ಮುಂದೆ ಹಿಡಿಯಿರಿ. ಅಂಟಿಕೊಂಡರೆ ಫ್ಯಾನ್ ಎಳೆಯುತ್ತಿದೆ, ಹಾರಿ ಬಂದರೆ ಉಲ್ಟಾ.

ಕರೆಂಟ್ ಬಿಲ್ ಚಿಂತೆ ಇದ್ದರೆ ವಿಎಫ್‌ಡಿ, ಅಂದ್ರೆ ಮೋಟಾರ್ ವೇಗ ಏರಿಸಿ ಇಳಿಸುವ ಸಾಧನ, ಹಾಕಿಸಿ. ವೇಗ 50 ಹರ್ಟ್ಸ್‌ನಿಂದ 40ಕ್ಕೆ ಇಳಿಸಿದರೆ ಗಾಳಿ 80 ಪರ್ಸೆಂಟ್ ಸಿಗುತ್ತೆ, ಕರೆಂಟ್ ಮಾತ್ರ ಹೆಚ್ಚುಕಡಿಮೆ ಅರ್ಧ. ಎಲೆ ಹಾಕುವ ಹೊತ್ತಿಗೆ ನಿಧಾನ, ಪಂಕ್ತಿ ತುಂಬಿದಾಗ ಪೂರ್ತಿ. ವಿಎಫ್‌ಡಿಗೆ ತ್ರೀ ಫೇಸ್ ಮೋಟಾರ್ ಬೇಕು ಅನ್ನೋದು ನೆನಪಿರಲಿ.

ಉತ್ತರ: ಕೋಳಿ ಶೆಡ್ ಮಾಡಿರುವವರು, ಹರಿಹರ ಹತ್ತಿರ

ಅಣ್ಣಾರೇ, ನಮ್ಮ ಶೆಡ್ಡಿನಾಗ ಒಂದು ತುದಿಗೆ 50 ಇಂಚಿನ ಫ್ಯಾನು, ಇನ್ನೊಂದು ತುದಿಗೆ ನೀರು ಇಳಿಯೋ ಪ್ಯಾಡು. ಅಷ್ಟೇ ನೋಡ್ರಿ, ನಡುವೆ ಏನೂ ಇಲ್ಲ. ಗಾಳಿ ಆ ಕಡೆಯಿಂದ ಬಂದು ಈ ಕಡೆ ಹೋಗ್ತೈತಿ. ಏಪ್ರಿಲ್ ಬಿಸಿಲಿಗೆ ನಮ್ಮ ಕಡೆ ಗಾಳಿ ಒಣಗಿರ್ತೈತಿ, ಹಂಗಾಗಿ ಪ್ಯಾಡಿನಿಂದ ಒಳ್ಳೆ ತಂಪು ಬರ್ತೈತಿ. ಮಳೆಗಾಲದಾಗ ಮಾತ್ರ ಪಂಪ್ ಬಂದ್ ಮಾಡ್ರಿ, ಇಲ್ಲಾಂದ್ರ ಒಳಗ ಬರೀ ಜಿಗಿಜಿಗಿ.

ಬರೀ ಫ್ಯಾನ್ ಹಾಕಿದ್ರ ತಂಪಾಗ್ತೈತಿ ಅನ್ಕೋಬ್ಯಾಡ್ರಿ. ಹೊರಗ 38 ಡಿಗ್ರಿ ಇದ್ರ ಒಳಗ ಅದಕ್ಕಿಂತ ಜಾಸ್ತೀನ ಇರ್ತೈತಿ. ಬೆಲ್ಟಿನ ಫ್ಯಾನ್ ಇದ್ರ ಬೆಲ್ಟ್ ಸಡಿಲ ಆಗಿದ್ಯಾ ನೋಡ್ರಿ. ಶಟರ್ ಮ್ಯಾಲಿನ ಧೂಳು ವಾರಕ್ಕೊಮ್ಮೆ ಹೊಡೀರಿ. ಧೂಳಿನ ಭಾರಕ್ಕ ಅವು ಪೂರಾ ತೆಗಿಯಂಗಿಲ್ಲ.

ಉತ್ತರ: ವೆಂಟಿಲೇಶನ್ ಕೆಲಸದವನು, ಬೆಂಗಳೂರು

ಹರಿಹರದವರ ಮಾತಿಗೆ ಲೆಕ್ಕ ಸೇರಿಸ್ತೀನಿ. ಕೂತು ಊಟ ಮಾಡುವ ಮನುಷ್ಯನ ಮೈಯಿಂದ ಸುಮಾರು 75 ವಾಟ್ ಒಣ ಶಾಖ ಬರುತ್ತೆ, ಬೆವರಿನದ್ದು ಬೇರೆ. 200 ಜನಕ್ಕೆ 15 ಕಿಲೋವಾಟ್. ಪೂರ್ತಿ 7,200 ಸಿಎಫ್‌ಎಂ ಹರಿದರೂ ಹಾಲ್ ಹೊರಗಿಗಿಂತ ನಾಲ್ಕು ಡಿಗ್ರಿಯಷ್ಟು ಬಿಸಿ ಇರುತ್ತೆ. ಅರ್ಧವೇ ಹರಿದರೆ ಏಳೆಂಟು ಡಿಗ್ರಿ. ನಿಮ್ಮ ಅಜ್ಜಿ ಕೂತಿದ್ದು ಅಂಥ ಗಾಳಿಯಲ್ಲಿ. ಪಶ್ಚಿಮದ ತೆರವಿಗೆ ಪ್ಯಾಡ್ ಕೂಲರ್ ಕೂರಿಸಿದರೆ ಬೇಸಿಗೆಗೆ ನಿಜವಾದ ಪರಿಹಾರ ಅದು. ಪ್ಯಾಡೂ ಗಾಳಿಗೆ ಅಡ್ಡಿಯೇ, ಅದಕ್ಕೆ ಅಗಲ ಜಾಸ್ತಿ ಇಡಿಸಿ.

ಮಂಟಪದವರು, ದಾವಣಗೆರೆ: ನಿನ್ನೆ ಮಾಡಿ ನೋಡಿದ್ದು

ಬಾಗಿಲು ಎಳೆಯೋಕೆ ಎರಡೂ ಕೈ ಬೇಕಾಯಿತು. ಪಶ್ಚಿಮದ ಗೋಡೆಯಲ್ಲಿ ಕಿಟಕಿ ಇರೋದೇ ನನಗೆ ಗೊತ್ತಿರಲಿಲ್ಲ. ಅಲಂಕಾರದವರು ಪರದೆ ಕಟ್ಟೋಕೆ ಯಾವಾಗಲೋ ಪ್ಲೈವುಡ್ ಹೊಡೆದು ಮುಚ್ಚಿದ್ದರು. ಆರು ಕಿಟಕಿ, ಒಂದೊಂದೂ ಮೂರಡಿಗೆ ಎರಡಡಿ. ಪ್ಲೈವುಡ್ ಕೀಳಿಸಿದೆ. ಊದುಬತ್ತಿ ಹೊಗೆ ಈಗ ಅಡುಗೆಮನೆ ಬಾಗಿಲಲ್ಲಿ ನೆಟ್ಟಗೆ ನಿಲ್ಲುತ್ತೆ, ಮೊದಲು ಹಾಲ್ ಕಡೆ ಮಲಗುತ್ತಿತ್ತು. ಡಕ್ಟ್ ಇರುವ ಫ್ಯಾನಿಗೆ ಟಿಶ್ಯೂ ಹಿಡಿದರೆ ಅಂಟಲೂ ಇಲ್ಲ, ಹಾರಲೂ ಇಲ್ಲ, ಕೆಳಗೆ ಬಿತ್ತು. ಮೈಸೂರಿನ ಮೇಡಂ ಕೇಳಿದ ಮೋಟಾರ್ ಒಂದು ವರ್ಷದಲ್ಲಿ ಮೂರು ಸಲ ರಿವೈಂಡಿಂಗ್ ಆಗಿದೆ. ತಾರಸಿಗೆ ಹತ್ತಿ ನೋಡಿದರೆ ಒಂದು ಡಕ್ಟಿನ ಬಾಯಲ್ಲಿ ಪಾರಿವಾಳದ ಗೂಡು. ಮರಿಗಳಿದ್ದವು, ಅವು ಹಾರುವವರೆಗೆ ಆ ಫ್ಯಾನ್ ಬಂದ್ ಇಡ್ತೀನಿ.

ಡಕ್ಟ್ ದೊಡ್ಡದು ಮಾಡಿಸೋಕೆ ಕೊಟೇಶನ್ ಕೇಳಿದ್ದೇನೆ. ಒಂದು ಅನುಮಾನ. ಅಡುಗೆಮನೆಗೆ ಸ್ವಂತ ಎಕ್ಸಾಸ್ಟ್ ಇಲ್ಲ, ಅದಕ್ಕೂ ಬೇಕಾ?

ಉತ್ತರ: ವೆಂಟಿಲೇಶನ್ ಕೆಲಸದವನು, ಬೆಂಗಳೂರು

ಬೇಕೇ ಬೇಕು ಸರ್, ಡಕ್ಟ್ ಕೆಲಸಕ್ಕಿಂತ ಮೊದಲು. ಒಲೆ ಮೇಲೆ ಹುಡ್ ಹಾಕಿ, ಅದಕ್ಕೆ ಜಿಡ್ಡು ಹಿಡಿಯುವ ಫಿಲ್ಟರ್ ಇರಲಿ. ಅಲ್ಲಿ ಸಾಮಾನ್ಯ ಆಕ್ಸಿಯಲ್ ಬೇಡ, ಮೋಟಾರ್ ಎಣ್ಣೆ ಹೊಗೆಯ ನಡುವೆಯೇ ಕೂರುತ್ತೆ, ಬೆಂಕಿಯ ಅಪಾಯ. ಮೋಟಾರ್ ಹೊರಗಿರುವ ಬ್ಲೋವರ್ ಹಾಕಿಸಿ. ಅಡುಗೆಮನೆಗೂ ಹೊರಗಿನಿಂದ ಸ್ವಲ್ಪ ಗಾಳಿ ಬರುವ ಕಿಂಡಿ ಬಿಡಿ, ಉಳಿದದ್ದು ಹಾಲ್ ಕಡೆಯಿಂದ ಅಡುಗೆಮನೆಗೆ ಹೋಗಲಿ. ಹುಡ್ ಓಡಿಸಿ ಇನ್ನೊಮ್ಮೆ ಊದುಬತ್ತಿ ಹಿಡಿಯಿರಿ, ಹೊಗೆ ಒಲೆ ಕಡೆ ವಾಲಬೇಕು. ಬೆಳಗಿನ ತಿಂಡಿಗೆ ಒಲೆ ಹಚ್ಚುವ ಮುಂಚೆ ಹುಡ್ ಹಾಕಿ ಅಂತ ಅಡುಗೆಭಟ್ಟರಿಗೆ ಹೇಳಿಡಿ.