ಮೂಕಿ ಚಿತ್ರದ ‘ಸಬ್‌ಟೈಟಲ್’ ಅಡಿಬರಹವೇ?

ಪ್ರಶ್ನೆ: ಹಿಚ್‌ಕಾಕ್ ಅವರ ಮೂಕಿ ಪತ್ತೇದಾರಿ ಚಿತ್ರ ‘ದಿ ಲಾಡ್ಜರ್’ (1927) ಬಗ್ಗೆ ಆ ಕಾಲದ ಇಂಗ್ಲಿಷ್ ಲೇಖನವೊಂದನ್ನು ಕನ್ನಡಕ್ಕೆ ತರಬೇಕಿದೆ. ಅದರಲ್ಲಿ ಪದೇಪದೇ ಬರುವ ‘ಸಬ್‌ಟೈಟಲ್’ಗೆ ‘ಅಡಿಬರಹ’ ಆದೀತೇ? ‘ಲಾಡ್ಜರ್’ಗೆ ‘ಬಾಡಿಗೆದಾರ’ ಸಾಕೇ?

ಉತ್ತರ 1: ‘ಅಡಿಬರಹ’ ಬೇಡ, ಅರ್ಥವೇ ಕೆಡುತ್ತದೆ. ಮೂಕಿ ಕಾಲದಲ್ಲಿ ಸಬ್‌ಟೈಟಲ್ ಅಂದರೆ ದೃಶ್ಯಗಳ ನಡುವೆ ತೆರೆ ತುಂಬ ಬರುತ್ತಿದ್ದ ಬರಹದ ಫಲಕ. ಈಗ ಅದನ್ನೇ ಇಂಟರ್‌ಟೈಟಲ್ ಅನ್ನುತ್ತಾರೆ. ಪಾತ್ರದ ತುಟಿ ಅಲ್ಲಾಡುತ್ತದೆ, ಮುಖ ಹೋಗಿ ಫಲಕ ಬರುತ್ತದೆ, ಮತ್ತೆ ಮುಖ. ‘ಅಡಿಬರಹ’ ಎಂದರೆ ಮುಖವೂ ಮಾತೂ ಒಟ್ಟಿಗೇ ಕಾಣುತ್ತಿದ್ದವು ಎಂದು ಓದುಗರು ತಿಳಿಯುತ್ತಾರೆ. ‘ನಡುಬರಹ’ ಅನ್ನಿ. ಈ ಚಿತ್ರದ ಮಟ್ಟಿಗೆ ಅದು ಸಣ್ಣ ವಿಷಯವಲ್ಲ: ಸಂಕಲನ ತಿದ್ದಲು ಬಂದ ಐವರ್ ಮಾಂಟೆಗ್ಯು ನೂರಾರು ಫಲಕಗಳನ್ನು ಕಿತ್ತು 80ರ ಆಸುಪಾಸಿಗೆ ಇಳಿಸಿದರು.

ಲೇಖನದಲ್ಲಿ ಫಲಕಕ್ಕೆ ಹಿಡಿಯುವ ಫಿಲ್ಮಿನ ಉದ್ದವನ್ನು ಅಡಿಗಳ ಲೆಕ್ಕದಲ್ಲಿ ಕೊಟ್ಟಿದ್ದರೆ ನೇರವಾಗಿ ಸೆಕೆಂಡು ಮಾಡಬೇಡಿ. 35 ಮಿ.ಮೀ. ಫಿಲ್ಮಿನ ಒಂದು ಅಡಿಗೆ 16 ಚೌಕಟ್ಟು (ಫ್ರೇಮ್). 10 ಅಡಿಯ ಫಲಕ ಸೆಕೆಂಡಿಗೆ 16 ಚೌಕಟ್ಟಿನ ವೇಗದಲ್ಲಿ 10 ಸೆಕೆಂಡು ನಿಲ್ಲುತ್ತದೆ, 24ರಲ್ಲಿ ಏಳು ಸೆಕೆಂಡೂ ಇಲ್ಲ. ವೇಗ ಹೇಳದೆ ಕಾಲ ಹೇಳಿದರೆ ಲೆಕ್ಕ ತಪ್ಪಿತೆಂದೇ.

‘ಬಾಡಿಗೆದಾರ’ ಸಾಲದು. ಆ ಪದಕ್ಕೆ ಬೇರೆ ಮನೆ, ಬೇರೆ ಬಾಗಿಲು ನೆನಪಾಗುತ್ತದೆ. ಇಲ್ಲಿ ಕಥೆ ನಿಂತಿರುವುದೇ ಒಂದೇ ಸೂರಿನ ಮೇಲೆ: ಕೆಳಗೆ ಮನೆಯವರು, ಮೇಲಿನ ಕೋಣೆಯಲ್ಲಿ ಅವನು. ಅವನ ಶತಪಥಕ್ಕೆ ಕೆಳಗಿನ ತೂಗುದೀಪ ಅಲುಗುತ್ತದೆ. ಹೆಜ್ಜೆ ಸಪ್ಪಳ ಕೇಳಿಸುವಂತಿಲ್ಲವಲ್ಲ, ಅದಕ್ಕೇ ದಪ್ಪ ಗಾಜಿನ ಮೇಲೆ ಆ ಪಾತ್ರದ ನಟ ಐವರ್ ನೊವೆಲ್ಲೊ ಅವರನ್ನು ನಡೆಸಿ, ಕೆಳಗಿನಿಂದ ಅಂಗಾಲುಗಳನ್ನು ಚಿತ್ರಿಸಿದರು. ‘ಕೋಣೆ ಬಾಡಿಗೆಯವನು’ ಅಂದರೆ ಹತ್ತಿರ.

ಉತ್ತರ 2: ‘ನಡುಬರಹ’ಕ್ಕೆ ನನ್ನ ಒಪ್ಪಿಗೆಯಿದೆ. ಆದರೆ ತೆರೆಯ ಮೇಲಿನ ಅಕ್ಷರವೆಲ್ಲ ನಡುಬರಹವಲ್ಲ. ಕೊಲೆಗಾರ ಬಿಟ್ಟುಹೋಗುವ ತ್ರಿಕೋನದ ಚೀಟಿ, ಪತ್ರಿಕೆಯ ಸುದ್ದಿ, ‘ಟು-ನೈಟ್ ಗೋಲ್ಡನ್ ಕರ್ಲ್ಸ್’ ಎಂದು ಮಿಣುಕುವ ದೀಪದ ಬೋರ್ಡು, ಇವು ಕಥೆಯೊಳಗಿನ ವಸ್ತುಗಳು. ಚೀಟಿ ಪತ್ರಗಳನ್ನು ಹೀಗೆ ಹತ್ತಿರದಿಂದ ತೋರಿಸುವ ತುಣುಕಿಗೆ ‘ಇನ್‌ಸರ್ಟ್’ ಎಂಬ ಹೆಸರಿದೆ. ಗುರುತಿಸುವುದು ಸುಲಭ: ಆ ಅಕ್ಷರವನ್ನು ಪಾತ್ರ ಓದಬಲ್ಲುದೇ? ಆ ಮನೆಯವರ ಮಗಳು ಡೇಸಿ ಬೋರ್ಡು ಓದಬಲ್ಲಳು, ಫಲಕ ಓದಲಾರಳು. ಪತ್ತೇದಾರಿ ಚಿತ್ರದಲ್ಲಿ ಇದನ್ನು ಕಲಸಿದರೆ ಸುಳಿವು ಯಾವುದು, ನಿರೂಪಣೆ ಯಾವುದು ಎಂಬುದೇ ಮಸುಕಾಗುತ್ತದೆ.

ಚಿತ್ರಕ್ಕೇ ಕನ್ನಡ ಬರಹ ಕೂಡಿಸುವುದಾದರೂ ಇದು ಬೇಕಾಗುತ್ತದೆ. ನಡುಬರಹದ ಫಲಕ ತೆಗೆದು ಕನ್ನಡದ್ದೇ ಹಾಕಬಹುದು. ತ್ರಿಕೋನದ ಚೀಟಿಯನ್ನು ಹಾಗೆ ಬದಲಿಸಲಾಗದು, ಅದರ ಕೆಳಗೆ ಸಾಲು ಕೊಡಬೇಕು. ನೀವು ಕೇಳಿದ ‘ಅಡಿಬರಹ’ಕ್ಕೆ ಜಾಗ ಇರುವುದು ಅಲ್ಲಿ.